ವಂದನಾರ್ಪಣೆಗಷ್ಟೇ ಸಿಗುತ್ತಿದ್ದ ಮೈಕು

ಕಬಡ್ಡಿಯ ವೀಕ್ಷಕ ವಿವರಣೆ ಹೇಳುವುದು ನನ್ನ ಕೆಲಸ. ಟೀವಿಯಲ್ಲಿ ಹೇಳುತ್ತೇನೆ, ಫೋನಿನಲ್ಲಿ ಲೈವ್ ನೋಡುವವರಿಗೂ ಹೇಳುತ್ತೇನೆ. ಯಾರಾದರೂ ಮಾತಾಡಿಸಲು ಬಂದರೆ ಅವರ ಮೊದಲ ಪ್ರಶ್ನೆ ಒಂದೇ: ನಿಮ್ಮ ಗುರುಗಳು ಯಾರು? ಆಗ ನನ್ನ ಮೈಯೆಲ್ಲ ಉರಿಯುತ್ತದೆ. ನಮ್ಮೂರಿನ ಪಿ.ಟಿ. ಮಾಸ್ತರರ ಹೆಸರು ಹೇಳಲಿ ಎಂದು ಊರಿಗೆ ಊರೇ ಕಾಯುತ್ತದೆ. ನಾನು ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂಬುದನ್ನು ಬರೆದೇಬಿಡುತ್ತೇನೆ. ಓದಿದವರು ನನ್ನನ್ನು ಉಪಕಾರಗೇಡಿ ಅಂದರೆ ಅನ್ನಲಿ.

ನಮ್ಮೂರು ಕುಂದಗೋಳ ತಾಲೂಕಿನಲ್ಲಿ, ಕುಬಿಹಾಳದ ಕಡೆಗೆ ಹೋಗುವ ಹಾದಿಯಲ್ಲಿದೆ. ಎರೆಭೂಮಿ; ಹತ್ತಿ, ಮೆಣಸಿನಕಾಯಿ, ಕಡಲೆ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಶಾಲೆಯ ಬಯಲಿನಲ್ಲಿ ಕಬಡ್ಡಿ ಪಂದ್ಯಾವಳಿ ನಡೆಯುತ್ತದೆ. ಕಲಘಟಗಿ ಕಡೆಯಿಂದ, ನವಲಗುಂದದಿಂದ, ಅಣ್ಣಿಗೇರಿಯಿಂದ ತಂಡಗಳು ಬರುತ್ತವೆ. ಮೈಕು ಮಾಸ್ತರರದು. ಅವರಿಗೆ ಯಾರು ಕೊಟ್ಟರೋ ಗೊತ್ತಿಲ್ಲ, ನನಗೆ ತಿಳಿವಳಿಕೆ ಬಂದಾಗಿನಿಂದ ಅವರದೇ. ದನಿ ಮಾತ್ರ ದನಿಯೇ, ಸುಳ್ಳು ಯಾಕೆ ಹೇಳಲಿ? ಅವರು ‘ಕಬಡ್ಡಿ ಪ್ರೇಮಿಗಳೇ’ ಎಂದರೆ ಹೊಲದಲ್ಲಿದ್ದವರೂ ಕುಡಗೋಲು ಕೆಳಗಿಟ್ಟು ನಿಲ್ಲುತ್ತಿದ್ದರು.

ಆದರೆ ಅವರ ಕಣ್ಣು ಅಂಕಣದ ಮೇಲೆ ಇರುತ್ತಿರಲಿಲ್ಲ. ಯಾವಾಗಲೂ ರಸ್ತೆಯ ಮೇಲೆ. ಯಾವ ಕಾರು ಬಂತು, ಅದರಿಂದ ಯಾರು ಇಳಿದರು, ಶಾಲು ತಯಾರಿದೆಯೋ ಇಲ್ಲವೋ. ರೇಡಿಗೆ ಹೋದ ಹುಡುಗ ಏಳು ಮಂದಿಯ ನಡುವೆ ಉಸಿರು ಹಿಡಿದು ಒದ್ದಾಡುತ್ತಿದ್ದರೆ, ಇವರು ‘ಮಾನ್ಯರು ಆಗಮಿಸುತ್ತಿದ್ದಾರೆ, ಅವರಿಗೆ ತುಂಬು ಹೃದಯದ ಸ್ವಾಗತ’ ಎಂದು ಶುರು ಹಚ್ಚಿಕೊಳ್ಳುತ್ತಿದ್ದರು. ಆಮೇಲೆ ಜನರ ಕೂಗು ಕೇಳಿ, ಅದು ಯಾವ ಮಗ್ಗುಲಿನಿಂದ ಜೋರಾಗಿ ಬಂತು ಎಂಬ ಅಂದಾಜಿನ ಮೇಲೆ ಅಂಕ ಹೇಳಿಬಿಡುತ್ತಿದ್ದರು.

ಅದು ಬರೀ ಬಾಯಿಮಾತಾಗಿದ್ದರೆ ನಾನೂ ನಕ್ಕು ಬಿಡುತ್ತಿದ್ದೆ. ನಮ್ಮೂರಲ್ಲಿ ಅಂಕ ಬರೆಯುವ ಕರಿಹಲಗೆ ಅಂಕಣದ ಬಾಜುವಿಗಿರುತ್ತದೆ. ಬರೆಯುವವರು ಊರಿನ ದರ್ಜಿ ಕಾಕಾ. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಸೀಮೆಸುಣ್ಣ, ಹಲಗೆಗೆ ಮುಖ, ಆಟಕ್ಕೆ ಬೆನ್ನು. ತಿರುಗಿ ನೋಡಿದರೆ ಆಟದಲ್ಲಿ ಮೈಮರೆತು ಬರೆಯುವುದು ತಪ್ಪುತ್ತದೆ ಎಂದು ಅವರೇ ಮಾಡಿಕೊಂಡ ನೇಮ ಅದು. ಮೈಕು ಏನು ಹೇಳಿತೋ ಅದನ್ನು ಬರೆಯುವುದು, ಅಷ್ಟೇ. ಅಂಪೈರುಗಳ ಮೇಜಿನ ಮೇಲೆ ಅಂಕ ಬರೆಯುವ ಬೇರೆ ಹಾಳಿ ಇರುತ್ತಿತ್ತು. ಆದರೆ ಹಿಂದೆ ಒಮ್ಮೆ ಹಾಳಿಗೂ ಹಲಗೆಗೂ ತಾಳೆಯಾಗದೆ ಜನ ಮೇಜನ್ನೇ ಮಗುಚಿ ಹಾಕಿದ್ದರಂತೆ. ಅಂದಿನಿಂದ ಅಂಪೈರುಗಳೇ ಹಲಗೆ ನೋಡಿ ಹಾಳಿ ತಿದ್ದಿಕೊಳ್ಳುವ ಪದ್ಧತಿ ಬಿತ್ತು. ಹೀಗಾಗಿ ಮಾಸ್ತರರ ಬಾಯಿಂದ ಬಂದದ್ದೇ ಅಂಕ. ಹೊರಗಿನವರಿಗೆ ನಗು ಬರಬಹುದು, ನಮಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ.

ಹೈಸ್ಕೂಲಿನಲ್ಲಿ ನಾನೂ ಆಡಿದವಳೇ. ಎಡಗಡೆಯ ಕಾರ್ನರ್. ರೇಡಿಗೆ ಬಂದವಳ ಕಾಲು ಹಿಡಿದೆ ಅಂದರೆ ಅವಳು ತನ್ನೂರಿನ ಹೆಸರು ಮರೆಯಬೇಕು, ಹಾಗೆ ಹಿಡಿಯುತ್ತಿದ್ದೆ. ಒಂಬತ್ತನೇ ಇಯತ್ತೆಯಲ್ಲಿ ಮೊಣಕಾಲು ತಿರುಚಿತು. ಡಾಕ್ಟರು ಇನ್ನು ಆಟ ಸಾಕು ಅಂದರು. ಅಳುತ್ತ ಕೂತಿದ್ದ ನನ್ನ ಮುಂದೆ ಮಾಸ್ತರರು ಅಂಕ ಬರೆಯುವ ಒಂದು ಹಾಳಿ ಒಗೆದರು.

“ಆಡಾಕ ಆಗಲಿಲ್ಲಂದ್ರ ಬರಿ. ಅಳಬ್ಯಾಡ, ಆಟ ನೋಡು.”

ಇದೊಂದನ್ನೇ ಹಿಡಿದುಕೊಂಡು ಊರವರು ಅವರನ್ನು ನನ್ನ ಗುರು ಮಾಡಿದ್ದಾರೆ. ನೋಡುವುದನ್ನು ನಾನು ಕಲಿತದ್ದು ಅಲ್ಲೇ, ಹೌದು. ಆದರೆ ಅವರು ಕಲಿಸಲಿಲ್ಲ. ಅವರು ನೋಡುತ್ತಿರಲಿಲ್ಲವಲ್ಲ, ಆ ಕೊರತೆ ತುಂಬಲು ನಾನು ನೋಡಬೇಕಾಯಿತು. ಯಾರ ಹಿಮ್ಮಡಿ ಗೆರೆ ದಾಟಿತು, ಯಾರ ಬೆರಳು ಯಾರ ಅಂಗಿಗೆ ತಾಗಿತು, ಎಲ್ಲ.

ಹೇಳುವುದನ್ನು ಕಲಿತದ್ದು ಮೆಣಸಿನಕಾಯಿ ಹೊಲದಲ್ಲಿ. ಪಿಯುಸಿ ಮುಗಿಸಿ ಅವ್ವನ ಜೊತೆ ಕಾಯಿ ಬಿಡಿಸಲು ಹೋಗುತ್ತಿದ್ದೆ. ನನ್ನ ಇಬ್ಬರು ಅತ್ತೆಯರೂ ಸೇರಿ ಹತ್ತು ಹನ್ನೆರಡು ಹೆಣ್ಣುಮಕ್ಕಳು, ಆಳಿಗೊಂದು ಸಾಲು. ಬೇಸರ ಕಳೆಯಲು ಒಂದು ದಿನ ಶುರು ಮಾಡಿದೆ: “ನಮ್ಮ ಅತ್ತಿ ಬಲಗಡಿ ಸಾಲಿನಾಗ ನುಗ್ಗ್ಯಾಳ, ಎರಡೂ ಕೈಲೆ ಹರಿಯಾಕತ್ಯಾಳ, ಹಿಂದಿಂದ ಸಣ್ಣತ್ತಿ ಬೆನ್ನ ಹತ್ಯಾಳ, ಅಯ್ಯಯ್ಯ, ಸೆರಗ ಗಿಡಕ್ಕ ಸಿಕ್ಕೊಂತು, ಔಟ್!” ಹೆಂಗಸರು ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಣ್ಣತ್ತಿ ಮಾತ್ರ ಸಿಟ್ಟಿಗೆದ್ದಳು.

“ಎಲ್ಲೀ ಔಟ್ ಬೇ? ನನ್ನ ಬುಟ್ಟಿ ನೋಡು, ಆಕಿದು ನೋಡು. ಕಣ್ಣ ತಗದು ಹೇಳು!”

ಬಗ್ಗಿ ನೋಡಿದೆ. ಸಣ್ಣತ್ತಿಯ ಬುಟ್ಟಿಯೇ ತುಂಬಿತ್ತು. ತಪ್ಪಾಯಿತು ಅಂದು ತಿದ್ದಿ ಹೇಳಿದೆ. ನನ್ನ ಗುರು ಯಾರು ಅಂತ ಕೇಳುವವರಿಗೆ ಸಣ್ಣತ್ತಿಯ ಹೆಸರು ಹೇಳಬೇಕು ಅನ್ನಿಸುತ್ತದೆ. ಹೇಳಿದರೆ ಅವರು ಬರೆದುಕೊಳ್ಳುವುದಿಲ್ಲ.

ಮೈಕು ಮೊದಲ ಸಲ ಕೈಗೆ ಬಂದದ್ದು ಊರಿನ ಪಂದ್ಯಾವಳಿಯಲ್ಲೇ. ಮಾಸ್ತರರು ಯಾರನ್ನೋ ಬರಮಾಡಿಕೊಳ್ಳಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದರು, ಅಲ್ಲೇ ತಡವಾಯಿತು. ಕಮಿಟಿಯವರು ನನ್ನ ಕೈಗೆ ಕೊಟ್ಟರು. ಒಂದು ಪೂರ್ತಿ ಮ್ಯಾಚು ಹೇಳಿದೆ. ನೆರಳಿಗೆ ಕೂತಿದ್ದ ಮುದುಕರು ಎದ್ದು ಗೆರೆಯ ತನಕ ಬಂದು ನಿಂತರು. ಮಾಸ್ತರರು ತಿರುಗಿ ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡರು. ಕಸಿದುಕೊಳ್ಳಲಿಲ್ಲ, ನಗುತ್ತಲೇ ತೆಗೆದುಕೊಂಡರು.

“ಚಲೋ ಮಾತಾಡ್ತಿ. ಆದ್ರ ಕಬಡ್ಡಿಗೆ ಗಂಡಸರ ದನೀನ ಬೇಕವಾ. ನಿನಗ ಸ್ವಾಗತ, ವಂದನಾರ್ಪಣೆ ಐತೆಲಾ, ಅದನ್ನ ಮಾಡು.”

ಮುಂದಿನ ನಾಲ್ಕು ವರ್ಷ ಅದನ್ನೇ ಮಾಡಿದೆ. ಗಂಡಸರು ಆಟ ಹೇಳಬೇಕು, ಹೆಣ್ಣುಮಕ್ಕಳು ಥ್ಯಾಂಕ್ಸ್ ಹೇಳಬೇಕು. ಶಾಮಿಯಾನದವರಿಗೆ, ನೀರಿನ ಟ್ಯಾಂಕರಿನವರಿಗೆ, ಚಹಾ ಕೊಟ್ಟವರಿಗೆ, ಕುರ್ಚಿ ಹೊತ್ತವರಿಗೆ ಅನಂತ ಅನಂತ ಧನ್ಯವಾದಗಳು. ಆ ಹೊತ್ತಿಗೆ ಜನ ಎದ್ದು ಸೈಕಲ್ ಮೋಟರು ಚಾಲೂ ಮಾಡುತ್ತಿರುತ್ತಾರೆ. ನನ್ನ ಮಾತು ಕೇಳುತ್ತಿದ್ದದ್ದು ಕುರ್ಚಿ ಎಣಿಸುವವರು ಮಾತ್ರ.

ಇನ್ನೊಬ್ಬರೂ ಕೇಳುತ್ತಿದ್ದರು ಅಂತ ಆಮೇಲೆ ತಿಳಿಯಿತು. ಹುಬ್ಬಳ್ಳಿಯಿಂದ ಒಬ್ಬ ಮದುವೆ ವಿಡಿಯೋದವರು ಬರುತ್ತಿದ್ದರು. ಹೆಂಡತಿ ಮಕ್ಕಳಿದ್ದ ಸಂಸಾರಸ್ಥ. ಮದುವೆ ಇಲ್ಲದ ತಿಂಗಳಲ್ಲಿ ಹಳ್ಳಿ ಕಬಡ್ಡಿಯನ್ನು ಫೋನಿನಲ್ಲಿ ಲೈವ್ ತೋರಿಸುವ ಉದ್ಯೋಗ ಹಿಡಿದಿದ್ದರು. ಕೇಬಲ್ಲು ಸುತ್ತುತ್ತ ನನ್ನ ಹತ್ತಿರ ಬಂದು ಅಂದರು, “ಅಕ್ಕಾರ, ಶಾಮಿಯಾನದವರಿಗೆ ಥ್ಯಾಂಕ್ಸ್ ಹೇಳೂದನ್ನ ಇಷ್ಟ ಜೋರ್ ಹೇಳ್ತೀರಿ, ಆಟ ಹೇಳಿದ್ರ ಹೆಂಗಿರಬೇಕ್ರಿ! ನಮ್ಮ ಲೈವಿಗೆ ಬರ್ರಿ.”

ಹೋದೆ. ಮಿಶ್ರಿಕೋಟಿಗೆ ಎರಡು ಬಸ್ಸು ಬದಲಿಸಿ ಹೋದೆ, ಅಣ್ಣಿಗೇರಿಗೆ ಗದಗ ಬಸ್ಸಿನಲ್ಲಿ ನಿಂತು ಹೋದೆ. ಕಿವಿಗೆ ಹೆಡ್‌ಫೋನು, ಮುಂದೆ ಒಂದು ಪ್ಲಾಸ್ಟಿಕ್ ಸ್ಟೂಲು. ನೋಡುವವರು ಲೈವಿನ ಕೆಳಗೆ ಬರೆಯುತ್ತಿದ್ದರು: ‘ಈಕಿನ್ನ ಅಡಗಿಮನಿಗೆ ಕಳಸ್ರಿ’, ‘ದನಿ ಕೇಳಿ ಕಿವಿ ತೂತು ಬಿತ್ತು’. ಮೊದಮೊದಲು ಕಂಡರೂ ಕಾಣದಂತೆ ಆಟ ಹೇಳುತ್ತಿದ್ದೆ. ಒಂದು ದಿನ ವಿರಾಮದಲ್ಲಿ ಅದನ್ನೇ ಓದಿ ಹೇಳಿದೆ: “ಅಣ್ಣಾರೊಬ್ಬರು ನನ್ನ ಅಡಗಿಮನಿಗೆ ಹೋಗು ಅಂದಾರ. ಅಣ್ಣಾ, ರೊಟ್ಟಿ ಬಡದ ಬಂದೇನಿ. ನೀ ಏನ ಮಾಡಿ ಬಂದಿ?” ಆವತ್ತು ನೋಡುವವರು ದುಪ್ಪಟ್ಟಾದರು ಎಂದು ವಿಡಿಯೋದವರು ಕುಣಿದಾಡಿದರು. ನನಗೆ ಖುಷಿಯಾಗಲಿಲ್ಲ. ಬೈಯುವವರು ಬೈಯುತ್ತಲೇ ನೋಡುತ್ತಿದ್ದರು, ಅಷ್ಟೇ.

ಎರಡು ವರ್ಷ ಹೀಗೆ ಕಳೆದ ಮೇಲೆ ಒಂದು ಟೀವಿ ಚಾನೆಲ್ಲಿನವರು ಕನ್ನಡ ವಿವರಣೆಗೆ ಹೊಸ ದನಿಗಳನ್ನು ಹುಡುಕುತ್ತಿರುವುದು ಗೊತ್ತಾಯಿತು. ಯಾವುದಾದರೂ ಫೈನಲ್ ಪಂದ್ಯದ ಪೂರ್ತಿ ಅರ್ಧ, ಕತ್ತರಿ ಹಾಕದೆ, ತುಂಬಿದ ಜನರ ನಡುವೆ ಹೇಳಿದ್ದು ಬೇಕು. ಕಳಿಸಲು ಹತ್ತೇ ದಿನ. ಆ ಹತ್ತು ದಿನದಲ್ಲಿ ಸುತ್ತಮುತ್ತ ಇದ್ದ ಫೈನಲ್ ಒಂದೇ, ನಮ್ಮೂರಿನದು. ಎಂಥ ದೈವ ನೋಡಿ.

ಕಮಿಟಿಯ ಹಿರಿಯರನ್ನು ಕರೆದುಕೊಂಡು ಮಾಸ್ತರರ ಮನೆಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟರು. ವಿಷಯವನ್ನೆಲ್ಲ ಬಿಡಿಸಿ ಹೇಳಿದೆ: ಇದು ಸಿಕ್ಕರೆ ಇದೇ ನನ್ನ ಬದುಕು, ಸಿಗದಿದ್ದರೆ ಅವ್ವ ನೋಡಿಟ್ಟ ಸಂಬಂಧಕ್ಕೆ ಹೂಂ ಅನ್ನುವುದು. ಆ ಮನೆಯವರು ಮೊದಲೇ ಹೇಳಿಬಿಟ್ಟಿದ್ದರು, ಲಗ್ನವಾದ ಮೇಲೆ ಮೈಕು ಗೀಕು ನಡೆಯುವುದಿಲ್ಲ ಅಂತ. ಮಾಸ್ತರರು ನನ್ನ ತಲೆಯ ಮೇಲೆ ಕೈ ಇಟ್ಟರು.

“ಹೂಂ, ಮಾಡು. ಎರಡನೇ ಅರ್ಧ ನಿಂದು. ನಾ ಮಾತ ಕೊಟ್ಟೇನಿ, ಸಾಕಿಲ್ಲೋ?”

ಫೈನಲ್ ಮಧ್ಯಾಹ್ನ ನಾಲ್ಕಕ್ಕೆ. ನಮ್ಮೂರು ಮತ್ತು ಮಿಶ್ರಿಕೋಟಿ. ಬಯಲು ತುಂಬಿ ಜನ ಶಾಲೆಯ ಕಂಪೌಂಡಿನ ಮೇಲೆ, ಟ್ರ್ಯಾಕ್ಟರಿನ ಟ್ರೇಲರುಗಳ ಮೇಲೆ ಹತ್ತಿ ನಿಂತಿದ್ದರು. ವಿರಾಮವಾಯಿತು. ಮಾಸ್ತರರು ಕೈ ಮಾಡಿ ಕರೆದರು. ಹೋದೆ.

“ಮ್ಯಾಚ್ ಮುಗದ ಮ್ಯಾಲ ಮಂದಿ ನಿಂದ್ರೂದಿಲ್ಲ. ವಂದನಾರ್ಪಣೆ ಈಗ ಮುಗಿಸಿಬಿಡವಾ.”

ಮುಗಿಸಿದೆ. ಶಾಮಿಯಾನ, ಟ್ಯಾಂಕರು, ಚಹಾ, ಕುರ್ಚಿ. ಒಂದು ಸೂಚನೆ ಹೇಳಬೇಕು ಎಂದು ಅವರು ಮೈಕು ಇಸಿದುಕೊಂಡರು. ಸೂಚನೆ ಹೇಳಿದರು. ಮೈಕು ತಿರುಗಿ ಕೊಡಲಿಲ್ಲ. ತಂಡಗಳು ಅಂಕಣಕ್ಕಿಳಿದವು.

“ಸರ, ಎರಡನೇ ಅರ್ಧ ನಂದು ಅಂದಿದ್ರಿ.”

ಮೈಕಿನ ಬಾಯಿಗೆ ಅಂಗೈ ಮುಚ್ಚಿ ಅಂದರು, “ಫೈನಲ್ ಐತಿ. ಊರ ಮರ್ಯಾದಿ ಪ್ರಶ್ನೆ. ದೊಡ್ಡ ಮಂದಿ ಬರಾವರದಾರ. ಮುಂದಿನ ವರ್ಷ ನೋಡೂಣು, ಹೋಗು ಕೂತ್ಕೊ.”

ಕಮಿಟಿಯ ಹಿರಿಯರತ್ತ ನೋಡಿದೆ. ಅವರಿಗೆ ಒಮ್ಮೆಲೇ ಆಕಾಶ ನೋಡುವ ಕೆಲಸ ಬಂದಿತ್ತು. ನಾನು ಅಳಲಿಲ್ಲ. ಆವತ್ತು ನನಗೆ ಬಂದ ಸಿಟ್ಟಿಗೆ ಕಣ್ಣೀರು ಒಣಗಿಯೇ ಹೋಗಿರಬೇಕು. ನೆಟ್ಟಗೆ ವಿಡಿಯೋದವರ ಹತ್ತಿರ ಹೋದೆ.

“ನಿಮ್ಮ ಲೈವಿನ ಮೈಕ್ ತಗೀರಿ. ಗಿರಣಿ ಮ್ಯಾಲ ಹೋಗೂಣು.”

ಬಯಲಿಗೆ ಎದುರಾಗಿ ಹಿಟ್ಟಿನ ಗಿರಣಿ ಇದೆ. ಅದರ ಮಾಳಿಗೆಗೆ ಕಬ್ಬಿಣದ ಏಣಿ. ಮೊಣಕಾಲು ಕಟಕಟ ಅನ್ನುತ್ತಿದ್ದರೂ ಹತ್ತಿದೆ. ವಿಡಿಯೋದವರು ಕ್ಯಾಮೆರಾ ಹೊತ್ತು ಹಿಂದೆ ಹತ್ತಿದರು. ಎದುರಿನ ಕಂಬಕ್ಕೆ ಕಟ್ಟಿದ ಮೈಕಿನ ಹಾರ್ನ್ ನೇರವಾಗಿ ನಮ್ಮ ಮುಖಕ್ಕೇ ಬಾಯಿ ತೆರೆದಿತ್ತು. ಮಾಸ್ತರರ ದನಿ ನನ್ನ ಹಲ್ಲಿನೊಳಗೆ ಗುಂಯ್‌ಗುಡುತ್ತಿತ್ತು. ಅದರ ಮೇಲೆಯೇ ನಾನು ಶುರು ಮಾಡಿದೆ.

ಮೊದಲ ಎರಡು ರೇಡು ಏನು ಹೇಳಿದೆನೋ ನೆನಪಿಲ್ಲ, ಬರೀ ಉರಿ. ಆಮೇಲೆ ಆಟ ನನ್ನನ್ನು ಎಳೆದುಕೊಂಡಿತು. ಎರಡೂ ತಂಡ ಅಗದೀ ಸರಿಸಮ ಆಡುತ್ತಿದ್ದವು. ಮೇಲಿಂದ ಅಂಕಣವೆಲ್ಲ ಅಂಗೈಯಲ್ಲಿ ಇಟ್ಟಂತೆ ಕಾಣುತ್ತಿತ್ತು. ಒಂದೇ ಒಂದು ವಿಚಿತ್ರ: ದರ್ಜಿ ಕಾಕಾ ಆವತ್ತು ತಡಮಾಡಿ ಬರೆಯುತ್ತಿದ್ದರು. ಹಾರ್ನಿನಲ್ಲಿ ಅಂಕ ಬಂದು ಎಷ್ಟೋ ಹೊತ್ತಾದ ಮೇಲೆ ಸೀಮೆಸುಣ್ಣ ಏಳುತ್ತಿತ್ತು. ತಲೆಗೆ ಟವೆಲು ಸುತ್ತಿಕೊಂಡಿದ್ದರು. ಪಾಪ, ವಯಸ್ಸಾಯಿತು, ಕಿವಿ ಮಂದವಾಗಿರಬೇಕು ಅಂದುಕೊಂಡೆ.

ಕೊನೆಯ ನಿಮಿಷ. ನಮ್ಮೂರು ಮೂವತ್ತೊಂದು, ಮಿಶ್ರಿಕೋಟಿ ಮೂವತ್ತು. ಮಿಶ್ರಿಕೋಟಿಯವರು ಅಂಕಣದಲ್ಲಿ ಮೂರೇ ಮಂದಿ ಉಳಿದಿದ್ದರು. ಮೂವರೇ ಇದ್ದಾಗ ರೇಡರನನ್ನು ಹಿಡಿದು ಕೆಡವಿದರೆ ಒಂದಲ್ಲ, ಎರಡು ಅಂಕ; ಅದನ್ನು ಸೂಪರ್ ಟ್ಯಾಕಲ್ ಅನ್ನುತ್ತಾರೆ. ನಮ್ಮೂರ ಹುಡುಗ ಕೊನೆಯ ರೇಡಿಗೆ ಹೊರಟ. ಅದೇ ಹೊತ್ತಿಗೆ ರಸ್ತೆಯಲ್ಲಿ ಕಾರು ನಿಂತಿತು. ಮಾಸ್ತರರು ಮೈಕು ಹಿಡಿದುಕೊಂಡೇ ಅತ್ತ ತಿರುಗಿ, ಒಂದು ಕೈಯಿಂದ ಅತಿಥಿಗಳಿಗೆ ಶಾಲು ಹೊದಿಸತೊಡಗಿದರು. ಇತ್ತ ನಮ್ಮ ಹುಡುಗ ಎಡಕ್ಕೆ ಕೈ ಬೀಸಿದ. ತಾಗಲಿಲ್ಲ, ನಾಲ್ಕು ಬೆರಳಿನಷ್ಟು ದೂರ ಉಳಿಯಿತು. ಹಿಂದಿನಿಂದ ಒಬ್ಬ ಕಾಲಿಗೆ ಬಿದ್ದ, ಇಬ್ಬರು ಮೇಲೆ ಬಿದ್ದರು. ಮಧ್ಯದ ಗೆರೆ ಇನ್ನೂ ಒಂದು ಮಾರು ದೂರ. ಅಂಪೈರು ಸೀಟಿ ಊದಿದರು. ನಮ್ಮೂರ ಜನ ಸುಮ್ಮಸುಮ್ಮನೆ ‘ಹೋ’ ಎಂದು ಎದ್ದರು. ಮಾಸ್ತರರು ತಿರುಗಿಯೂ ನೋಡದೆ ಹಾರ್ನಿನಲ್ಲಿ ಕೂಗಿದರು: “ನಮ್ಮೂರಿಗೆ ಒಂದು ಅಂಕ! ನಮ್ಮೂರು ಚಾಂಪಿಯನ್!”

ನನ್ನ ನಾಲಿಗೆಯ ತುದಿಯಲ್ಲಿ ನನ್ನ ಊರೇ ಇತ್ತು. ಸಣ್ಣತ್ತಿಯ ಬುಟ್ಟಿ ನೆನಪಾಯಿತು. ಕಂಡದ್ದನ್ನು ಹೇಳಿದೆ: “ಇಲ್ಲ! ತಾಗಿಲ್ಲ! ಸೂಪರ್ ಟ್ಯಾಕಲ್, ಮಿಶ್ರಿಕೋಟಿಗೆ ಎರಡು ಅಂಕ! ಮೂವತ್ತೆರಡು, ಮೂವತ್ತೊಂದು! ಮಿಶ್ರಿಕೋಟಿ ಗೆದ್ದಿತು!”

ಕೆಳಗೆ ಗೆಲುವಿನ ಹಲಿಗೆವಾದ್ಯ ಬಾರಿಸಲು ಶುರುವಾಗಿತ್ತು. ಕಾಕಾ ಮಾತ್ರ ಸೀಮೆಸುಣ್ಣ ಎತ್ತಿ ಹಿಡಿದುಕೊಂಡು ನಿಂತಿದ್ದರು. ಲೈವ್ ಅನ್ನುವುದು ಹೆಸರಿಗೆ ಲೈವ್, ನಾನು ಹೇಳಿದ್ದು ಫೋನಿಗೆ ಮುಟ್ಟಲು ಹತ್ತು ಹದಿನೈದು ಸೆಕೆಂಡು ಬೇಕು. ಅಷ್ಟು ಹೊತ್ತೂ ಆ ಕೈ ಗಾಳಿಯಲ್ಲೇ ಇತ್ತು. ಆಮೇಲೆ ಅವರು ಟವೆಲಿನ ತುದಿಯಿಂದ ಮಿಶ್ರಿಕೋಟಿಯ ಮೂವತ್ತನ್ನು ಒರೆಸಿ ಮೂವತ್ತೆರಡು ಬರೆದರು. ನಮ್ಮೂರ ಮೂವತ್ತೊಂದನ್ನು ಮುಟ್ಟಲಿಲ್ಲ. ಟವೆಲು ಸರಿದಾಗ ನನಗೆ ಕಂಡಿತು, ಕಿವಿಯಿಂದ ಅಂಗಿಯ ಕಿಸೆಗೆ ಇಳಿದಿದ್ದ ಇಯರ್‌ಫೋನಿನ ವಾಯರು.

ಮಾಸ್ತರರು ಮೈಕು ಬಂದ್ ಮಾಡುವುದನ್ನೇ ಮರೆತು ಹಲಗೆಯ ಹತ್ತಿರ ಓಡಿದರು. ಅವರು ಮಾತಾಡಿದ್ದೆಲ್ಲ ಹಾರ್ನಿನಲ್ಲಿ ಊರಿಗೇ ಕೇಳಿತು.

“ಏ, ನಾ ಏನ ಹೇಳಿದ್ನಿ, ನೀ ಏನ ಬರದಿ?”

ಕಾಕಾ ತಿರುಗಲೂ ಇಲ್ಲ. “ಆಕಿ ಹೇಳಿದ್ದು ಬರದೇನ್ರಿ.”

ಅಂಪೈರುಗಳು ಹಲಗೆ ನೋಡಿದರು, ತಮ್ಮ ಹಾಳಿ ನೋಡಿದರು. ಎಷ್ಟೋ ವರ್ಷದ ಮೇಲೆ ಮೊದಲ ಸಲ ಅವರಿಗೆ ತಿದ್ದುವ ಕೆಲಸ ಇರಲಿಲ್ಲ. ಕಪ್ಪು ಮಿಶ್ರಿಕೋಟಿಗೆ ಹೋಯಿತು.

ಮರುದಿನದಿಂದ ನಳದ ಹತ್ತಿರ ಅವ್ವನ ಕೊಡಕ್ಕೆ ಜಾಗ ಸಿಗಲಿಲ್ಲ. “ಊರಿನ ಅನ್ನ ಉಂಡು ಊರ ಸೋಲಿಸಿದ ಮಗಳನ್ನ ಹಡದಿ” ಅಂದರಂತೆ. ಅವ್ವ ಖಾಲಿ ಕೊಡ ತಂದು ನನ್ನ ಮುಂದೆ ಕುಕ್ಕಿದಳು. “ಬಾಯಿ ಮುಚ್ಕೊಂಡಿದ್ರ ನಿನ್ನ ಗಂಟೇನ ಹೋಗತಿತ್ತು ಬೇ?” ಸಂಬಂಧದವರೂ ಹೇಳಿ ಕಳಿಸಿದರು, ಈ ಹುಡುಗಿ ಬೇಡ ಅಂತ. ಅದೊಂದು ಪುಣ್ಯ. ದರ್ಜಿ ಕಾಕಾನ ಅಂಗಡಿಗೆ ಎರಡು ತಿಂಗಳು ಊರಿನ ಒಂದು ಅಂಗಿಯೂ ಹೊಲಿಯಲು ಬರಲಿಲ್ಲ. ನಾನು ಹೋಗಿ ಎದುರಿಗೆ ಕೂತೆ. ಅವರೇ ಸೂಜಿಗೆ ದಾರ ಪೋಣಿಸುತ್ತ ಅಂದರು:

“ಇಪ್ಪತ್ತ ವರ್ಷ ಅವರ ಬಾಯಿ ಕೇಳಿ ಬರದೇನವಾ. ಎಷ್ಟ ಸುಳ್ಳ ಬರದೇನೋ ಶಿವನಿಗೇ ಗೊತ್ತು. ಬಾಯಿ ಅವರದು ಖರೆ, ಬರದ ಕೈ ನಂದಲಾ.”

ಕಳಿಸಿದ ರೆಕಾರ್ಡಿಂಗಿಗೆ ಟೀವಿಯವರ ಉತ್ತರ ಮೂರನೇ ವಾರ ಬಂತು. ವಿವರಣೆ ಚೆನ್ನಾಗಿದೆ, ಆದರೆ ಹಿಂದೆ ಒಬ್ಬ ಗಂಡಸಿನ ದನಿ ಬಹಳ ಕೇಳಿಸುತ್ತದೆ, ಆದ್ದರಿಂದ ಪರಿಗಣಿಸಲು ಆಗುವುದಿಲ್ಲ. ಓದಿ ಫೋನನ್ನು ಗೋಡೆಗೆ ಬೀಸಬೇಕು ಅನ್ನಿಸಿತು. ಬೀಸಲಿಲ್ಲ, ಅದು ನನ್ನ ಉದ್ಯೋಗದ ಸಾಮಾನು. ಇನ್ನೂ ಒಂದೂವರೆ ವರ್ಷ ಬಸ್ಸಿನಲ್ಲಿ ನಿಂತು ಓಡಾಡಿ, ಅಣ್ಣಿಗೇರಿಯ ಒಂದು ಫೈನಲ್ ಹೇಳಿ ಕಳಿಸಿದೆ. ಅಲ್ಲಿಯ ಕಮಿಟಿಯವರು ಮೈಕು ಕೊಡುತ್ತೇವೆ ಅಂದವರು ಕೊಟ್ಟರು, ಅಷ್ಟೇ ವ್ಯತ್ಯಾಸ. ಟೀವಿಯವರು ಕರೆದರು.

ಟೀವಿಯಲ್ಲಿ ನನ್ನ ದನಿ ಬಂದ ಮೇಲೆ ಊರಿಗೆ ಎಲ್ಲ ಮರೆತುಹೋಯಿತು. ಹೋದ ವರ್ಷ ಅದೇ ಬಯಲಿನಲ್ಲಿ ನನಗೆ ಸನ್ಮಾನ ಇಟ್ಟರು. ಅವ್ವ ಹೋಗು ಅಂದಳು, ಹೋದೆ. ಶಾಲು ಹೊದಿಸಿದವರು ಮಾಸ್ತರರು. ಈಗ ರಿಟೈರ್ ಆಗಿದ್ದಾರೆ, ದನಿ ಮಾತ್ರ ಹಾಗೇ ಇದೆ.

“ಈಕಿ ನನ್ನ ಶಿಷ್ಯೆ. ನಾನ ಹಾಳಿ ಕೊಟ್ಟು ಕೂಡ್ರಿಸಿದ್ನಿ. ಈಕಿ ಟೀವಿಗೆ ಕಳಿಸಿದ ಮೊದಲನೇ ರೆಕಾರ್ಡಿಂಗಿನಾಗ ನನ್ನ ದನೀನೂ ಐತ್ರೀ!”

ಜನ ಚಪ್ಪಾಳೆ ತಟ್ಟಿದರು. ಮೈಕು ನನ್ನ ಕೈಗೆ ಬಂತು.

“ಹೌದ್ರಿ ಸರ, ಐತಿ,” ಅಂದೆ. “ಅದಕ್ಕ ಅವರು ಅದನ್ನ ಬ್ಯಾಡಂದ್ರು.”

ಮೈಕನ್ನು ಅವರತ್ತ ಚಾಚಿದೆ. “ವಂದನಾರ್ಪಣೆ ನೀವ ಮಾಡ್ರಿ ಸರ.”

ಅವರು ಮೈಕು ತೆಗೆದುಕೊಂಡು ಮಾಡಿದರು. ಚೆನ್ನಾಗಿಯೇ ಮಾಡಿದರು, ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಶಾಮಿಯಾನದವರಿಗೆ, ಟ್ಯಾಂಕರಿನವರಿಗೆ, ಚಹಾದವರಿಗೆ, ಕುರ್ಚಿಯವರಿಗೆ. ಜನ ಎದ್ದು ಗಾಡಿ ಚಾಲೂ ಮಾಡುತ್ತಿದ್ದರು. ನಾನು ಕುರ್ಚಿಯಲ್ಲಿ ಕೂತು ಒಂದೊಂದೇ ಹೆಸರು ಕೇಳುತ್ತಿದ್ದೆ. ಅವರು ‘ಕಾರ್ಯಕ್ರಮ ಮುಗಿಯಿತು’ ಎಂದಾಗ ಎದ್ದು ನಿಂತೆ. ಮೈಕು ನನ್ನ ಕೈಯಲ್ಲಿರಲಿಲ್ಲ, ಬೇಕಾಗಲೂ ಇಲ್ಲ.

“ಸರ, ಬೋರ್ಡ್ ಬರಿಯೋ ಕಾಕಾನ ಹೆಸರು ಬಿಟ್ರಿ!”

ಗಾಡಿಗಳ ಹತ್ತಿರ ಹೋಗಿದ್ದವರು ತಿರುಗಿ ನಿಂತರು. ಹಿಂದಿನ ಸಾಲಿನಲ್ಲಿ ಕೂತಿದ್ದ ಕಾಕಾ ಕೊರಳಿನ ಟೇಪು ಎಳೆದುಕೊಳ್ಳುತ್ತ ತಲೆ ತಗ್ಗಿಸಿದರು. ಮಾಸ್ತರರು ಕೆಳಗಿಟ್ಟಿದ್ದ ಮೈಕನ್ನು ಮತ್ತೆ ಎತ್ತಿಕೊಂಡು ಆ ಹೆಸರು ಹೇಳಿದರು.